ಸವಾರ ಸಿದ್ದಮಲ್ಲಪ್ಪನ ಎರಡು ಎಕರೆ

ಸರ್ಕಾರ ಸಿದ್ದಮಲ್ಲಪ್ಪನಿಗೆ ಎರಡು ಎಕರೆ ಬಾಕಿ ಉಳಿಸಿಕೊಂಡಿದೆ. ಮೂವತ್ತೇಳು ವರ್ಷದ ಬಾಕಿ. ಕೊಟ್ಟಿದ್ದೇವೆ ಎಂದು ಒಂದು ಕಾಗದ ಹೇಳುತ್ತದೆ, ಕೊಟ್ಟಿಲ್ಲ ಎಂದು ಇನ್ನೊಂದು. ಎರಡನ್ನೂ ತಗಡಿನ ಟ್ರಂಕಿನಲ್ಲಿಟ್ಟುಕೊಂಡು ಎಪ್ಪತ್ತೆಂಟರ ಮುದುಕ ಕೂತಿದ್ದಾನೆ.

ನಜರ್‌ಬಾದಿನಲ್ಲಿ ಟಾಂಗಾ ಹೊಡೆಯುತ್ತಿದ್ದವನ ಮಗ ಅವನು. ಓದು ಏಳನೇ ಕ್ಲಾಸಿಗೆ ನಿಂತಿತು, ಕುದುರೆಯ ಮೈ ತಿಕ್ಕುವುದು ನಿಲ್ಲಲಿಲ್ಲ. ಹತ್ತೊಂಬತ್ತಕ್ಕೆ ಸೈನ್ಯದ ಭರ್ತಿಗೆ ಹೋದಾಗ ಅಧಿಕಾರಿಯೊಬ್ಬ ಒದೆಯುವ ಕುದುರೆಯೊಂದನ್ನು ತೋರಿಸಿ ಹತ್ತು ನೋಡೋಣ ಎಂದ. ಇವನು ಹತ್ತಲಿಲ್ಲ. ಜೀನಿನ ಹೊಟ್ಟೆಪಟ್ಟಿಯ ಕೆಳಗೆ ಕೈಯಾಡಿಸಿ, "ಇಲ್ಲಿ ಹುಣ್ಣಾಗ್ಯದೆ ಸಾರ್, ಅದಕ್ಕೇ ಒದೀತದೆ" ಎಂದ. ಕುದುರೆಪಡೆಗೆ ಸೇರಿಸಿಕೊಂಡರು.

ಇಪ್ಪತ್ತೆರಡು ವರ್ಷ ಉತ್ತರದ ಮರಳಿನಲ್ಲಿ ಕಳೆದ. ಕುದುರೆ ಉಂಡ ಮೇಲೆಯೇ ಸವಾರ ಉಣ್ಣಬೇಕು ಎಂಬುದು ಅಲ್ಲಿಯ ಕಟ್ಟಳೆ. ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯ ಗಸ್ತು ತಿರುಗಿದ. ಪದಕ ಬರಲಿಲ್ಲ, ಎಡಗಿವಿ ಹೋಯಿತು. ಗುಲ್ದಾರ್ ಎಂಬ ಅವನ ಕುದುರೆ ಕಾಲು ಮುರಿದುಕೊಂಡಾಗ ಗುಂಡು ಹೊಡೆಯಬೇಕಾಯಿತು. ಹಗ್ಗ ಹಿಡಿದು ನಿಂತಿದ್ದವನು ಇವನೇ. ಆಮೇಲೆ ನಾಲ್ವರು ಅರ್ಧ ದಿನ ಅಗೆದು ಅದನ್ನು ಮಣ್ಣು ಮಾಡಿದರು. ಆ ಕೆಲಸ ಅವನ ಕೈಯಲ್ಲಿ ಉಳಿದುಬಿಟ್ಟಿತು.

ನಿವೃತ್ತನಾಗಿ ಬಂದಾಗ ಮಾಜಿ ಸೈನಿಕನೆಂದು ಎರಡು ಎಕರೆ ಮಂಜೂರಾಯಿತು. ಉದಯಗಿರಿಯ ಆಚೆ, ಕೊನೆಯ ಬೀದಿದೀಪ ಮುಗಿದ ಮೇಲೂ ಒಂದೂವರೆ ಮೈಲಿ. ಬರೀ ಲಂಟಾನ, ಬಂಡೆ, ಹಾವು. ಅಧಿಕಾರಿ ಜೀಪಿನಿಂದ ಇಳಿಯದೆ ಕೈ ಬೀಸಿದರು: "ಆ ಬಂಡೆಯಿಂದ ಈ ಹಳ್ಳದವರೆಗೆ ನಿಮ್ಮದು. ಅಳತೆ ಆಮೇಲೆ ಮಾಡಿಸ್ತೀವಿ." ಸಿದ್ದಮಲ್ಲಪ್ಪ ಸೆಲ್ಯೂಟ್ ಹೊಡೆದ. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಕಚೇರಿ ಮೆಟ್ಟಿಲು ಹತ್ತಿ ಪಹಣಿಗೆ ಹೆಸರು ಹಾಕಿಸುತ್ತಿದ್ದರು. ಹುಕುಂ ಆದ ಮೇಲೆ ಎರಡನೇ ಸಲ ಕೇಳುವುದು ಅವನು ಕಲಿತ ವಿದ್ಯೆಯಲ್ಲ.

ಹೆಂಡತಿ ಪುಟ್ಟಬಸಮ್ಮ ನೋಡಿದವಳೇ ಅಂದಳು: "ಇದೇನ್ರೀ, ಗಡಿ ಕಾಯೋ ಕೆಲಸ ಮುಗೀತು ಅಂದ್ಕೊಂಡಿದ್ರೆ ನನ್ನೂ ಗಡಿಗೆ ತಂದು ಬುಟ್ರಲ್ಲ."

ಇಬ್ಬರೂ ಲಂಟಾನ ಕಡಿದು ಒಂದು ಮನೆ ಕಟ್ಟಿಕೊಂಡರು. ರಾಜೀವನಗರದ ನಲ್ಲಿಯಿಂದ ಸೈಕಲ್ಲಿಗೆ ಬಿಂದಿಗೆ ಕಟ್ಟಿ ನೀರು ತಂದರು. ಎರಡು ಎತ್ತು ಬಂದವು. ಅವನು ಅವಕ್ಕೆ ಕುದುರೆಗೆ ಹೇಳುವಂತೆ ಹಿಂದಿಯಲ್ಲಿ ಅಬ್ಬರಿಸುತ್ತಿದ್ದ. "ಅವಕ್ಕೆ ಹಿಂದಿ ಬರಲ್ಲ ಕಣ್ರೀ, ಕನ್ನಡದಲ್ಲಿ ಬೈರಿ" ಎನ್ನುತ್ತಿದ್ದಳು ಅವಳು. ಹುರುಳಿ ಬೆಳೆಯಿತು. ಮಕ್ಕಳಾಗಲಿಲ್ಲ.

ಹತ್ತಿರದಲ್ಲೇ ಕಲ್ಲು ಒಡೆಯುವವರ ಗುಡಿಸಲುಗಳಿದ್ದವು. ತೊಂಬತ್ನಾಲ್ಕರಲ್ಲಿ ಚೆಲುವಯ್ಯನ ಆರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಳು. ಪಕ್ಕದ ಊರಿನ ಸ್ಮಶಾನದವರು ಜಾತಿ ಕೇಳಿ ವಾಪಸು ಕಳಿಸಿದರು. ಹೆಗಲ ಮೇಲೆ ಕೂಸು ಹೊತ್ತು ಹೊಲದ ಬದುವಿನಲ್ಲಿ ನಿಂತ ಚೆಲುವಯ್ಯ, "ಮಿಲ್ಟ್ರಿಯಣ್ಣ, ಒಂದ್ ಮೂರಡಿ" ಎಂದಷ್ಟೇ ಹೇಳಿದ.

"ಕುದುರೆಗೇ ಗುಂಡಿ ತೆಗ್ದಿದೀನಿ. ಕೂಸಿಗೆ ಇಲ್ಲ ಅಂತೀನಾ" ಎಂದ ಸಿದ್ದಮಲ್ಲಪ್ಪ. ಅಷ್ಟರಲ್ಲಿ ಪುಟ್ಟಬಸಮ್ಮ ಗುದ್ದಲಿ ತಂದಾಗಿತ್ತು.

ಆಮೇಲೆ ಜಾಗವಿಲ್ಲದವರು ಒಬ್ಬೊಬ್ಬರಾಗಿ ಬಂದರು. ಗಾರೆಯವರು, ಬಾಡಿಗೆ ಮನೆಯವರು. ಅವನು ಯಾರಿಗೂ ಇಲ್ಲ ಎನ್ನಲಿಲ್ಲ. ನಜರ್‌ಬಾದಿನ ದಾಯಾದಿಗಳು ಬಂದು, "ಲಿಂಗವಂತರ ಭೂಮೀಲಿ ಕಂಡಕಂಡೋರನ್ನ ಹೂಳ್ತೀಯಲ್ಲೋ" ಎಂದು ಕೂಗಾಡಿದರು. "ಲಾಯದಲ್ಲಿ ಇಪ್ಪತ್ತೆರಡು ವರ್ಷ ಲದ್ದಿ ಬಾಚಿದೀನಿ. ಯಾವ ಲದ್ದಿ ಯಾವ ಜಾತಿ ಕುದುರೇದು ಅಂತ ಒಂದಿನಾನೂ ಗೊತ್ತಾಗಲಿಲ್ಲ" ಎಂದ ಇವನು. ಅವರು ಮತ್ತೆ ಬರಲಿಲ್ಲ, ಪುಟ್ಟಬಸಮ್ಮ ಸತ್ತಾಗಲೂ.

ಅವಳು ಸತ್ತು ಒಂಬತ್ತು ವರ್ಷವಾಯಿತು. ಮಠದಿಂದ ಅಯ್ಯನವರು ಬಂದರು, ಗುಂಡಿ ತೋಡಿದವನು ಚೆಲುವಯ್ಯ. ಅವಳನ್ನು ಗೂಡಿನಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆ ತುಂಬಿ ಮಣ್ಣು ಮಾಡಿದರು. ಪಕ್ಕದಲ್ಲಿ ತನಗೆ ಬೇಕಾದಷ್ಟು ಜಾಗವನ್ನು ಸಿದ್ದಮಲ್ಲಪ್ಪ ಹೆಜ್ಜೆ ಹಾಕಿ ಅಳೆದು ಬಿಟ್ಟ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಅಷ್ಟರಲ್ಲಿ ಊರು ಅವನಿದ್ದಲ್ಲಿಗೇ ಬಂದಿತ್ತು. ರಿಂಗ್ ರಸ್ತೆ ಬಂತು, ಸುತ್ತ ಸೈಟುಗಳೆದ್ದವು. ಹಕ್ಕುಪತ್ರ ಇಲ್ಲದಿದ್ದರೆ ಎತ್ತಿ ಎಸೆಯುತ್ತಾರೆ ಎಂದು ಯಾರೋ ಹೇಳಿದ ಮೇಲೆ ಅಳತೆಗೆ ಅರ್ಜಿ ಕೊಟ್ಟ. ಎರಡು ವರ್ಷದ ಹಿಂದೆ ಸರ್ವೇಯರ್ ಭವ್ಯಶ್ರೀ ಬಂದರು. ಅವತ್ತು ಅವನು ಗಡ್ಡ ಹೆರೆದು, ಹಳೆಯ ಬೂಟಿಗೆ ಪಾಲಿಶ್ ಹಾಕಿದ್ದ.

"ಆ ಕಲ್ಲುಗಳೇನು ತಾತ?"

"ಸಮಾಧಿ ಕಣಮ್ಮ. ಹನ್ನೊಂದು."

"ಎಲ್ಲಾ ನಿಮ್ಮನೆಯವರದ್ದೇನಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಿಂದೆ ನಿಂತಿದ್ದ ಚೆಲುವಯ್ಯ ಎರಡು ಸಲ ಕೆಮ್ಮಿದ. ಆದರೆ ಮೇಲಿನವರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳುವುದೇ ಸವಾರನಿಗೆ ಗೊತ್ತಿದ್ದ ಮಾತು. "ಒಬ್ಬಳು ನನ್ನ ಹೆಂಡ್ತಿ. ಹತ್ತು ಜನ ಬೇರೆಯೋರು" ಎಂದು ಪಡೆಯ ಹಾಜರಿ ಕೂಗುವಂತೆ ಒಂದೊಂದೇ ಕಲ್ಲಿನ ಮುಂದೆ ನಿಂತು ಹೆಸರು ಹೇಳಿದ.

ಆಕೆ ಪೆನ್ನು ನಿಲ್ಲಿಸಿದರು. "ತಾತ, ನಾನು ಕಂಡಿದ್ದನ್ನೇ ಬರೀಬೇಕಾಗುತ್ತೆ."

"ಬರಿಯಮ್ಮ. ಅದಕ್ಕೇ ತಾನೆ ಬಂದಿರೋದು."

ಆಕೆ ಬರೆದರು. ಮೂರು ತಿಂಗಳಿಗೆ ಆದೇಶ ಬಂತು: ಸದರಿ ಜಮೀನು ಸಾರ್ವಜನಿಕ ಸ್ಮಶಾನ, ಮಂಜೂರಾತಿ ರದ್ದು, ಮನೆ ತೆರವು ಮಾಡತಕ್ಕದ್ದು. ಮುಂದಿನ ವರ್ಷ ಇನ್ನೊಂದು ಕಚೇರಿಯಿಂದ ಇನ್ನೊಂದು ಕಾಗದ: ಸುತ್ತ ವಸತಿ ಬಡಾವಣೆ ಇರುವುದರಿಂದ ಇಲ್ಲಿ ಹೊಸದಾಗಿ ಶವ ಹೂಳುವಂತಿಲ್ಲ. ಅವನು ಬದುಕುವುದಕ್ಕೆ ಅದು ಸ್ಮಶಾನ, ಅವನು ಸತ್ತರೆ ಅದು ಬಡಾವಣೆ.

"ಅವತ್ತು ಹೂಂ ಅಂದ್ಬುಟ್ಟಿದ್ರೆ ಆಗ್ತಿತ್ತಲ್ಲ ಮಿಲ್ಟ್ರಿಯಣ್ಣ" ಎಂದು ಚೆಲುವಯ್ಯ ಈಗಲೂ ಗೊಣಗುತ್ತಾನೆ.

"ಹೂಂ ಅಂದಿದ್ರೆ ನಿನ್ನ ಮಗಳು ಕಾಗದದಲ್ಲಿ ನನ್ನ ಮಗಳಾಗ್ಬುಡ್ತಿದ್ಲು. ನಿಂಗೆ ಏನು ಉಳೀತಿತ್ತೋ?"

ಚೆಲುವಯ್ಯ ಬೀಡಿ ಹಚ್ಚುತ್ತಾನೆ.

ಆ ಆದೇಶದ ವಿರುದ್ಧ ಅವನು ಹಾಕಿದ ಮೇಲ್ಮನವಿಯ ಮೊದಲ ವಿಚಾರಣೆಗೆ ಹೋದವರು ಇವರಿಬ್ಬರೇ. ಮಿಕ್ಕ ಒಂಬತ್ತು ಮನೆಯವರು ಬರಲಿಲ್ಲ. ಅವರ ಲೆಕ್ಕ ಸರಳ: ಮಕ್ಕಳಿಲ್ಲದ ಮುದುಕನಿಗೆ ಭೂಮಿ ಸಿಕ್ಕರೆ ನಾಳೆ ದಾಯಾದಿಗಳು ಮಾರಿ ನಮ್ಮವರ ಮೇಲೆ ಮನೆ ಕಟ್ಟಿಸುತ್ತಾರೆ, ಸ್ಮಶಾನವೆಂದೇ ಇರಲಿ, ಕಲ್ಲಾದರೂ ಉಳಿಯುತ್ತದೆ. ಅವರ ಭಯ ಸುಳ್ಳಲ್ಲ. ಆದರೆ ಆ ಸಮಾಧಿಗಳಿಗೆ ಬೇಲಿ ಹಾಕಿ, ಭೂಮಿ ತನ್ನದೆಂದಾದ ದಿನ ಆ ಭಾಗವನ್ನು ಆ ಹತ್ತು ಮನೆಗಳ ಹೆಸರಿಗೆ ಬಿಟ್ಟುಕೊಡುತ್ತೇನೆಂದು ಸಿದ್ದಮಲ್ಲಪ್ಪ ಆಗಲೇ ಬರೆದುಕೊಟ್ಟಿದ್ದಾನೆ. ಅದನ್ನು ಓದಲು ಅವರು ಬಂದಿಲ್ಲ.

ಈಗ ಅವನಿಗೆ ನಡೆಯುವಾಗ ಉಸಿರು ಸಿಗುವುದಿಲ್ಲ. ಮುಂದಿನ ವಿಚಾರಣೆ ಬರುವ ತಿಂಗಳ ಎರಡನೇ ಮಂಗಳವಾರ, ಹನ್ನೊಂದು ಗಂಟೆಗೆ. ಆ ಒಂಬತ್ತು ಮನೆಗಳಲ್ಲಿ ಒಂದು ನಿಮ್ಮದಾಗಿದ್ದರೆ ಬನ್ನಿ. ನಿಮ್ಮದಲ್ಲದೆ, ಆ ಕಡೆ ಸೈಟು ಕೊಂಡು ಮನೆ ಕಟ್ಟಿರುವವರು ನೀವಾಗಿದ್ದರೆ, ಆಗಲೂ ಬನ್ನಿ. ಅನುಕಂಪ ಮನೆಯಲ್ಲಿ ಬಿಟ್ಟು ಆಧಾರ್ ಕಾರ್ಡ್ ಹಿಡಿದುಕೊಂಡು ಬನ್ನಿ. ಅಧಿಕಾರಿಯ ಮುಂದೆ ಎದ್ದು ನಿಂತು ಹೇಳಿ: ಈ ಭೂಮಿ ಈ ಮನುಷ್ಯನದು, ಸತ್ತಾಗ ಇವನನ್ನು ಹೆಂಡತಿಯ ಪಕ್ಕದಲ್ಲೇ ಹೂಳಬೇಕು. ಹೇಳಿ, ಕೆಳಗೆ ರುಜು ಹಾಕಿ.