ಉಮಾಬಾಯಿಯೂ ಸಿಹಿ ಕೊಲ್ಲುವ ಎಲೆಯೂ

ಅಫಜಲಪುರದ ಉಮಾಬಾಯಿಗಿದ್ದ ಹೊಟ್ಟೆಕಿಚ್ಚಿನಲ್ಲಿ ಒಂದು ಮದುವೆಯ ಅಡುಗೆಯನ್ನೇ ಬೇಯಿಸಬಹುದಿತ್ತು. ಅದೂ ಯಾರ ಮೇಲೆ? ಗಂಡನ ಅಕ್ಕ ರುಕ್ಮಿಣಿಬಾಯಿಯ ಮೇಲೆ. ಚಿಕ್ಕಂದಿನಲ್ಲೇ ವಿಧವೆಯಾಗಿ ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿ, ಅವನ ಮದುವೆಯಾದ ಮೇಲೆ ತಾನಾಗಿಯೇ ಹಿಂದಿನ ಓಣಿಯ ಒಂದು ಕೋಣೆಗೆ ಹೋದ ಹೆಂಗಸು. ಅಂಥವಳನ್ನು ಕಂಡು ಉರಿಯುವುದೇನಿದೆ ಅಂತೀರಿ? ಇತ್ತು, ಕಾರಣ ಇತ್ತು.

ಉಮಾಬಾಯಿಯ ಗಂಡ, ತಹಸೀಲ್ ಕಚೇರಿಯ ಗುಮಾಸ್ತ ವ್ಯಂಕಟೇಶರಾಯರು, ಹೆಂಡತಿ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಏಳುವವರು. ಚೆನ್ನಾಗಿದೆ ಎನ್ನರು, ಇನ್ನಷ್ಟು ಹಾಕು ಎನ್ನರು. ನಿಜಾಮರ ಕಾಲ, ಕಚೇರಿಗೆ ಶುಕ್ರವಾರ ರಜೆ. ಅಂದು ಮಾತ್ರ ಅಕ್ಕನ ಕೋಣೆಗೆ ಹೋಗಿ ಸಜ್ಜಕದ ಹೋಳಿಗೆ ತಿಂದು ನಗುನಗುತ್ತ ಬರುತ್ತಿದ್ದರು. ಆ ನಗು ಉಮಾಬಾಯಿಗೆ ಸಹಿಸಲಾಗುತ್ತಿರಲಿಲ್ಲ.

ರಾಯರಿಗೆ ಸಕ್ಕರೆ ಕಾಯಿಲೆ ಎಂದು ಹಕೀಮ ಬುರಾನುದ್ದೀನ ಹೇಳಿದ್ದೇ ತಡ, ಸಿಹಿ ಬಿಡಿಸುವ ದಾರಿ ಕೇಳಿದಳು. ಅವನು ಮಧುನಾಶಿನಿ ಬಳ್ಳಿಯ ಎಲೆ ಕೊಟ್ಟ.

"ಇದರಾಗಿನ ಸತ್ವ ಭಾಳ ಹಟಮಾರಿ ಅದರಿ. ಜಗದ್ರ ನಾಲಿಗಿಗೆ ಸಿಹಿ ಹತ್ತಂಗಿಲ್ಲ. ಹೊಟ್ಟಿಗೆ ಹೋತಂದ್ರ, ಸಕ್ರಿ ರಗತಕ್ಕ ಸೇರೂದನ್ನ ತಡೀತದ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಂಡನ ಜೀವಕ್ಕೂ ಒಳ್ಳೆಯದು, ರುಕ್ಮಿಣಿಬಾಯಿಯ ಹೋಳಿಗೆಗೂ ಮಣ್ಣು. ಇದರಲ್ಲಿ ಯಾವುದು ಮೊದಲು ಎಂದು ಮಾತ್ರ ಕೇಳಬೇಡಿ. ತಾನೇ ಒಂದು ಎಲೆ ಜಗಿದು ಬೆಲ್ಲ ಬಾಯಿಗಿಟ್ಟು ನೋಡಿದಳು. ಬರೀ ಮರಳು.

ಶುಕ್ರವಾರ ಬಂತು. ರಾಯರು ಹೊರಡುವ ಮುಂಚೆ ಎದುರೇ ನಿಂತು ಎಲೆ ಜಗಿಸಿ ಕಳಿಸಿದಳು. ಅವರು ತಿರುಗಿ ಬಂದಾಗ, ಏನೂ ಅರಿಯದವಳ ಹಾಗೆ, ಹೋಳಿಗೆ ಹೇಗಿತ್ತು ಎಂದು ಕೇಳಿದಳು.

"ಏನ್ ಹೇಳಲಿ, ಉಸುಕು ತಿಂದಂಗಾತು. ಒಂದು ಚೂರೂ ಸಿಹಿ ಹತ್ತಲಿಲ್ಲ."

ಉಮಾಬಾಯಿಗೆ ಸ್ವರ್ಗ ಮೂರೇ ಗೇಣು. ಹಾಗಾದರೆ ಇನ್ನು ಅಲ್ಲಿಗೆ ಹೋಗುವ ಕೆಲಸವಿಲ್ಲ ಎಂದಳು.

ರಾಯರು ಚಪ್ಪಲಿ ಬಿಡುತ್ತ ನಕ್ಕರು. ಅದೇ ನಗು.

"ಅಕ್ಕ ಎದುರಿಗೆ ಕೂತು ಬೀಸಣಿಕಿ ಬೀಸಾಕತ್ತಿದ್ಲು. ಇನ್ನೊಂದು ಹಾಕು ಅಂದೆ."

ಉಮಾಬಾಯಿಯ ಹೊಟ್ಟೆಕಿಚ್ಚು ಮೊದಲಿಗಿಂತ ಹೆಚ್ಚೇ ಉರಿಯಿತು, ಆದರೆ ಅದಕ್ಕೆ ಕೊಡಲು ಯಾವ ಹಕೀಮನ ಬಳಿಯೂ ಎಲೆಯಿರಲಿಲ್ಲ. ಆ ಸಂಜೆ ಬಡಿಸಿದ ಮೇಲೆ ಅವಳು ಅಡುಗೆಮನೆಗೆ ಹೋಗಲಿಲ್ಲ. ಬೀಸಣಿಗೆ ಹಿಡಿದು ಗಂಡನ ಎದುರಿಗೇ ಕೂತಳು.

ರಾಯರು ತುತ್ತು ನಿಲ್ಲಿಸಿ ತಲೆ ಎತ್ತಿದರು.

"ಯಾಕ, ಮೈಯಾಗ ಆರಾಮಿಲ್ಲೇನು?"