ಕಂಠೆಪ್ಪ ವಾಲಿದ ದಿಕ್ಕು

ಗೌಂಡಿ ಕಂಠೆಪ್ಪನಿಗೆ ವಾಲಿದ್ದು ಯಾವುದೂ ಕಣ್ಣಿಗಾಗುತ್ತಿರಲಿಲ್ಲ. ನಮ್ಮ ಮನೆಯ ಕಂಪೌಂಡು ಕಟ್ಟುವಾಗ ದಾರಕ್ಕೆ ಬಿಗಿದ ತೂಕದ ಗುಂಡನ್ನು ಇಳಿಬಿಟ್ಟು ನೋಡಿ, ಒಂದು ಬೆರಳಿನಷ್ಟು ವ್ಯತ್ಯಾಸಕ್ಕೆ ಅರ್ಧ ದಿನದ ಕೆಲಸವನ್ನೇ ಕೆಡವಿದ್ದ. ನಾನು ರೇಗಿದೆ.

"ಅಕ್ಕಾರ, ಭೂಮಿ ಎಳಿಯೂದು ಒಂದ ದಿಕ್ಕಿಗ್ರಿ. ಅದರ ಮುಂದ ಸುಳ್ಳ ನಡಿಯಂಗಿಲ್ಲ," ಅಂದ.

ವಾಸ್ಕೋದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಅರ್ಧ ದಿನದ ಕೂಲಿ ಹೆಚ್ಚಿಗೆ ಕೊಟ್ಟೆ.

ಕಂಠೆಪ್ಪ ವಿಜಾಪುರದ ಕಡೆಯವನು. 2004ರಲ್ಲಿ ವಾಸ್ಕೋದ ಬಾಯ್ನಾ ತೀರದ ಮನೆಗಳನ್ನು ಸರ್ಕಾರ ಕೆಡವಿದ ಮೇಲೆ ಗುಡ್ಡದ ಬದಿಗೆ ಕೆಂಪುಕಲ್ಲಿನ ಒಂದೇ ಕೋಣೆ ಕಟ್ಟಿಕೊಂಡ. ಕಿಟಕಿ ಇಡಲಿಲ್ಲ, ಆದರೆ ಗೋಡೆಗಳ ಬಗ್ಗೆ ಅವನ ಜಂಬ ಕೇಳಬೇಡಿ. ಮರುವರ್ಷ ಕುಂಕಳ್ಳಿಯಲ್ಲಿ ಕೆಲಸ ಮಾಡುವಾಗ ಕುದಿಯುವ ಸುಣ್ಣ ಸಿಡಿದು ಎರಡೂ ಕಣ್ಣು ಹೋದವು. ಬೆಳಕು ಕತ್ತಲೆಯ ಗುರುತು ಕೂಡ ಸಿಗುವುದಿಲ್ಲ ಎಂದರು ಡಾಕ್ಟರು.

ಅವನ ಹೆಂಡತಿ ಭಾಗವ್ವ ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದಳು. 2006ರ ನವರಾತ್ರಿಗೆ ಹರಕೆ ಹೊತ್ತು ಘಟ ಹಾಕಿದಳು. ಮಣ್ಣಿನಲ್ಲಿ ಜೋಳ ಬಿತ್ತಿ, ಪಕ್ಕದಲ್ಲಿ ಒಂಬತ್ತು ದಿನ ಆರದ ದೀಪ. ಗಂಡನ ಕಣ್ಣಿಗೆ ಬೆಳಕು ಬರಬೇಕು, ಅಷ್ಟೇ ಅವಳು ಕೇಳಿದ್ದು. ಐದನೆಯ ದಿನ ಮಧ್ಯಾಹ್ನ ಓಡಿಬಂದಳು.

"ಅಕ್ಕಾರ, ದೇವಿ ಮುನಿಸಿಕೊಂಡಾಳ. ಸಸಿ ದೀಪದ ಕಡಿ ಬೆನ್ನ ಮಾಡ್ಯಾವ."

ಹೋಗಿ ನೋಡಿದೆ. ಗಾಳಿಗೆ ದೀಪ ಆರಬಾರದೆಂದು ಬಾಗಿಲು ಹಾಕಿದ್ದಳು. ಒಳಗೆ ಎಣ್ಣೆಯ ವಾಸನೆ. ಬಿಳಿಚಿಕೊಂಡ ಸಸಿಗಳೆಲ್ಲ ದೀಪ ಬಿಟ್ಟು ಪಡುವಣ ಗೋಡೆಯತ್ತ ಕುತ್ತಿಗೆ ಚಾಚಿದ್ದವು. ನನಗೆ ನಗು ಬಂತು. ನೆಲಕ್ಕೆ ಕೆನ್ನೆ ಹಚ್ಚಿ ಅವು ನೋಡುವ ಕಡೆ ನಾನೂ ನೋಡಿದೆ. ಹಿಟ್ಟಿನ ಡಬ್ಬಿಯ ಹಿಂದೆ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು, ಅದರಲ್ಲಿ ಬಿಸಿಲು.

"ಸಸಿ ಹೆಚ್ಚಿನ ಬೆಳಕಿನ ಕಡೆ ಬಾಗುತ್ತೆ ಭಾಗವ್ವ. ದೇವಿಗೇನೂ ಸಿಟ್ಟಿಲ್ಲ."

"ಮೆತ್ತಗ ಮಾತಾಡ್ರಿ," ಅಂದಳು. "ತಾವ ಕಟ್ಟಿದ ಗ್ವಾಡಿ ಬಿರಕ ಬಿಟ್ಟೈತಿ ಅಂತ ಗೊತ್ತಾದ್ರ ಇವ್ರು ಎದಿ ಒಡಕೋತಾರ."

ಆಗ ನಾನು ಮೂಲೆಯಲ್ಲಿ ಮಲಗಿದ್ದ ಕಂಠೆಪ್ಪನನ್ನು ನೋಡಿದೆ. ಗಾಢ ನಿದ್ದೆ. ತಲೆ ಮಾತ್ರ ದಿಂಬಿನಿಂದ ಎದ್ದಿತ್ತು. ಕುತ್ತಿಗೆಯ ನರ ಬಿಗಿದು, ಮುಖ ಆ ಬಿರುಕಿನತ್ತ ಚಾಚಿಕೊಂಡಿತ್ತು.

"ಇವ್ರೂ ನಾಕ ದಿನದಿಂದ ಹಿಂಗ," ಭಾಗವ್ವ ಪಿಸುಗುಟ್ಟಿದಳು. "ಹಾಸಿಗಿ ತಿರುವಿ ಹಾಕಿದೆ. ನಿದ್ದ್ಯಾಗ ಮತ್ತ ಆ ಕಡಿನ ಹೊಳ್ಳತಾರ."

ಬಿರುಕಿನ ಮೇಲೆ ಕಪ್ಪು ಕಾಗದ ಅಂಟಿಸಿ ಬಂದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಸಸಿಗಳು ದೀಪದ ಕಡೆ ಹೊರಳಿದ್ದವು. ಮಲಗಿದ್ದ ಕಂಠೆಪ್ಪನೂ ಹೊರಳಿದ್ದ. ಕಾಗದ ಕಿತ್ತು ಕೂತು ಕಾದೆ. ಸಸಿಗಳಿಗಿಂತ ಮೊದಲು ಅವನ ಮುಖ ತಿರುಗಿತು, ಬಲು ನಿಧಾನವಾಗಿ, ಕಣ್ಣು ಮುಚ್ಚಿಕೊಂಡೇ. ಈ ಪಾಠ ಯಾವ ಪುಸ್ತಕದಲ್ಲೂ ಇರಲಿಲ್ಲ.

ಅವನು ಎದ್ದಾಗ ಕೇಳಿದೆ, "ಕಂಠೆಪ್ಪ, ಏನಾದರೂ ಕಾಣ್ತದಾ?"

"ಎಲ್ಲೀದ್ರಿ ಅಕ್ಕಾರ. ಬರೇ ಕತ್ತಲ."

ನಿದ್ದೆಯಲ್ಲಿ ಅವನು ಬೆಳಕಿನತ್ತ ಹೊರಳುವುದನ್ನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಭಾಗವ್ವ ನನ್ನ ಕೈ ಹಿಡಿದಳು. ಅವಳ ಹೆದರಿಕೆ ನನಗೆ ಅರ್ಥವಾಯಿತು. ಆಸೆ ಹುಟ್ಟಿಸಿ ಅದೂ ಸುಳ್ಳಾದರೆ ಆ ಮನುಷ್ಯ ಉಳಿಯುವುದಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಊಟ ಮುಗಿಸಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಕಂಠೆಪ್ಪ ತೂಕಡಿಸಿ ಎಚ್ಚರಾದ.

"ಭಾಗೀ, ನಾ ನೆಟ್ಟಗ ಕುಂತೇನೇನ? ಸೊಂಟ ನೋಯಾಕತ್ತೈತಿ."

"ನೆಟ್ಟಗ ಅದೀರಿ," ಅಂದಳು ಭಾಗವ್ವ. ಅವನು ಗೋಡೆಯತ್ತ ಒಂದು ಮೊಳ ಬಾಗಿದ್ದ.

ಅವಳ ದನಿಯಲ್ಲಿ ಏನು ಕೇಳಿಸಿತೋ, ತಲೆದಿಂಬಿನ ಕೆಳಗಿದ್ದ ಹಳೆಯ ತೂಕದ ಗುಂಡನ್ನು ತಡಕಿ ತೆಗೆದ. ದಾರದ ತುದಿಯನ್ನು ಹಣೆಗೆ ಹಿಡಿದು ಇಳಿಬಿಟ್ಟ. ಗುಂಡು ಮಡಿಲಿಗೆ ಬೀಳಲಿಲ್ಲ, ಮೊಣಕಾಲಿನಾಚೆ ನೆಲ ಮುಟ್ಟಿತು. ಗುಂಡಿಗೂ ಮೊಣಕಾಲಿಗೂ ನಡುವೆ ಎಷ್ಟೋ ಹೊತ್ತು ಬೆರಳಿಟ್ಟು ಅಳೆದ.

"ವಾಲೇನಿ," ಅಂದ. "ಯಾವ ಕಡಿ?"

ಅವನು ಗುಂಡು ಬಿದ್ದ ದಿಕ್ಕಿಗೇ ಅಂಬೆಗಾಲಿಟ್ಟು ಹೋದ. ಹಿಟ್ಟಿನ ಡಬ್ಬಿ ಸರಿಸಿ ಗೋಡೆ ಸವರಿದ. ಬೆರಳು ಬಿರುಕಿನ ಮೇಲೆ ಬಂದು ನಿಂತಿತು. ತನ್ನ ಕೈಯಾರೆ ಕಟ್ಟಿದ ಗೋಡೆ. ಭಾಗವ್ವ ಸೆರಗು ಬಾಯಿಗೊತ್ತಿಕೊಂಡಳು.

"ಇಲ್ಲಿ ಏನ್ ಬರಾಕತ್ತೈತಿ?"

"ಬಿಸಲ್ರೀ," ಅಂದಳು, ಅಳುತ್ತ.

ಅವನು ಬಿರುಕಿನ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ ಹಣೆಯನ್ನು ಅಲ್ಲಿಗೇ ಒತ್ತಿಕೊಂಡು ಕೂತ.

"ಇದಕ್ಕ ಗಾರಿ ಮೆತ್ತಬ್ಯಾಡ ಭಾಗೀ," ಅಂದ.