ಹೊಸ ಪೆಟ್ಟಿಗೆಗೆ ಡ್ರೈವ್ ಇಲ್ಲ ಎಂದವನು

ಅವನನ್ನು ಬೀದಿಯವರೆಲ್ಲ ಪಂಡಿತ ಎನ್ನುತ್ತಿದ್ದರು. ಚೇಷ್ಟೆಗೆ ಇಟ್ಟ ಹೆಸರು ಅದು. ಪುಣ್ಯಾತ್ಮ ಅದನ್ನು ಬಿರುದೆಂದೇ ತಿಳಿದ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲುಗಳನ್ನು ಹದಿನೆಂಟು ವರ್ಷದಿಂದ ಬಿಚ್ಚಿ ಕಟ್ಟಿದವನು. ಫ್ಯಾನಿನ ಸದ್ದು ಕೇಳಿಯೇ ಒಳಗೆ ಎಷ್ಟು ಧೂಳು ಕೂತಿದೆ ಎಂದು ಹೇಳಿಬಿಡುತ್ತಿದ್ದ. ಕೈಗುಣ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಕೆಟ್ಟದ್ದೇನಾದರೂ ಇದ್ದರೆ ಅದು ಬಾಯಿ. 'ನನಗೆ ಗೊತ್ತಿಲ್ಲ' ಎಂಬ ಮಾತು ಆ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರು ಒಬ್ಬರಿದ್ದರೆ ತೋರಿಸಿ, ನೋಡೋಣ.

ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಕೆಳಗೆ. ಇದ್ದ ಒಂದೇ ಕೋಣೆಗೆ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಈಚೆ ಇವನ ರಿಪೇರಿ ಮೇಜು, ಆಚೆ ಇವನ ಅಕ್ಕನ ಡಿಸ್ಕ್ ಅಂಗಡಿ. ಅಕ್ಕ ಗೇಮ್ ಡಿಸ್ಕುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು, ಹಳೆಯವನ್ನು ಕೊಂಡು ಮಾರುತ್ತಿದ್ದಳು. ತಾನು ಮಾತ್ರ ಒಂದು ದಿನವೂ ಆಡಿದವಳಲ್ಲ. ವಾಪಸು ಬಂದ ಪ್ರತಿ ಡಿಸ್ಕನ್ನೂ ಬೆಳಕಿಗೆ ಹಿಡಿದು, ಗೀರು ಹುಡುಕಿ, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ ಇಡುವಳು. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದವಳು, ಈ ಕೆಲಸ ಕಲಿಯಲು ಕಳಿಸಿದವಳು ಅವಳೇ. ಮದುವೆಯ ಗೋಜಿಗೆ ಹೋಗಲಿಲ್ಲ. ಯಂತ್ರದ ವಿಷಯ ಬಂದರೆ "ನನ್ನ ತಮ್ಮ ಹೇಳಿದ್ದಾನೆ" ಅನ್ನುವಳು. ಅಲ್ಲಿಗೆ ಮಾತು ಮುಗಿಯಿತು.

ಸಂಜೆ ಐದೂವರೆ ಆಯಿತೋ, ಅಂಗಡಿ ಮುಂದಿನ ಬೆಂಚಿನ ಮೇಲೆ ಸಭೆ ಸೇರುತ್ತಿತ್ತು. ಒಬ್ಬ ಬಸ್ ಡ್ರೈವರ್, ಒಬ್ಬ ಔಷಧಿ ಅಂಗಡಿಯವನು, ಇನ್ನೊಬ್ಬರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಮೂವರಿಗೂ ಕೂದಲು ನೆರೆತಿತ್ತು, ಆಟದ ಹುಚ್ಚು ಮಾತ್ರ ಇಳಿದಿರಲಿಲ್ಲ. ಮುಂದೆ ಬರಲಿರುವ ಹೊಸ ಕನ್ಸೋಲಿನ ಮಾತು ಎತ್ತಿದರೆ ಮನೆಮಠ ಮರೆತುಬಿಡುವರು. ಅದು ನಿಲ್ಲುತ್ತೋ ಮಲಗುತ್ತೋ, ಕಪ್ಪೋ ಬಿಳಿಯೋ, ಬಿಸಿಗಾಳಿ ಹಿಂದಿನಿಂದ ಹೋಗುತ್ತೋ ಮೇಲಿನಿಂದಲೋ, ಕಂಟ್ರೋಲರಿನ ಬ್ಯಾಟರಿ ಬಿಚ್ಚಲು ಬರುತ್ತೋ ಇಲ್ಲವೋ. ಇನ್ನೂ ಹುಟ್ಟದ ಮಗುವಿನ ಮೂಗು ಯಾರ ಹಾಗಿದೆ ಎಂದು ಜಗಳ ಕಾದಂತೆ! ಕೊನೆಗೆ ಪಂಡಿತ ಒಳಗಿನಿಂದ ಸ್ಕ್ರೂಡ್ರೈವರ್ ಹಿಡಿದು ಬಂದು ತೀರ್ಪು ಕೊಡುವನು.

ಒಂದು ಸಂಜೆ ಎಲ್ಲರ ಫೋನಿಗೂ ಒಂದು ಫೋಟೊ ಬಂತು. ಹೊಸ ಕನ್ಸೋಲಿನದ್ದಂತೆ, ಕಾರ್ಖಾನೆಯಲ್ಲಿ ಯಾರೋ ಕದ್ದು ತೆಗೆದದ್ದಂತೆ.

"ಇದೇನ್ರೀ ಇದು, ಕಸದ ಬುಟ್ಟಿ ಇದ್ದ ಹಾಗಿದೆ!" ಎಂದ ಡ್ರೈವರ್.

"ಕಸದ ಬುಟ್ಟಿಗಾದ್ರೂ ಒಂದು ಅಂದ ಇರುತ್ತಪ್ಪ," ಎಂದ ಔಷಧಿಯವನು.

ಮೇಷ್ಟ್ರು ಮಾತ್ರ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಈ ಅಂಚಲ್ಲಿ ನೆರಳು ಮುರಿದಿದೆ ನೋಡಿ. ಇಲ್ಲೊಂದು ಸಂದು ಇದೆ. ಡಿಸ್ಕ್ ಹಾಕೋದು ಇಲ್ಲೇ."

"ಮೇಷ್ಟ್ರೇ, ನೀವು ನೆರಳು ಬರೀರಿ, ಒಳಗಿನ ಸಮಾಚಾರ ನನಗೆ ಬಿಡಿ," ಎಂದ ಪಂಡಿತ. "ಈ ಗಾತ್ರಕ್ಕೆ ಫ್ಯಾನ್ ಕೂರಬೇಕು, ಹೀಟ್ ಸಿಂಕ್ ಕೂರಬೇಕು, ಪವರ್ ಸಪ್ಲೈ ಕೂರಬೇಕು. ಡಿಸ್ಕ್ ಓದೋ ಡ್ರೈವ್ ಎಲ್ಲಿ ಕೂರುತ್ತೆ, ನಿಮ್ಮ ತಲೆ ಮೇಲಾ?"

"ಗಾತ್ರ ಎಷ್ಟು ಅಂತ ನಿಮಗೆ ಹೇಗೆ ಗೊತ್ತು? ಅಳತೆಗೆ ಪಕ್ಕದಲ್ಲಿ ಒಂದು ಪೆನ್ಸಿಲ್ ಕೂಡ ಇಲ್ವಲ್ಲ."

ಹೌದಲ್ಲ! ಡ್ರೈವರ್ ತಲೆಯಾಡಿಸಿದ, ಔಷಧಿಯವನೂ ತಲೆಯಾಡಿಸಿದ. ಪಂಡಿತನ ಮೈ ಉರಿದುಹೋಯಿತು. ಜೀವಮಾನದಲ್ಲಿ ಒಂದು ಸ್ಕ್ರೂ ಬಿಚ್ಚದ ಮನುಷ್ಯ, ಬಣ್ಣ ಕಲಸುವವನು, ತನ್ನ ಅಂಗಡಿ ಮುಂದೆ ತನಗೇ ಪಾಠ ಹೇಳುವುದೇ? ಆಗ ಒಂದು ರೈಲು ಬಿಟ್ಟ.

"ಪಾರ್ಟ್ಸ್ ತರ್ತಾನಲ್ಲ, ಅವನೇ ಹೇಳ್ದ. ಹೊಸ ಮಾಡೆಲಿನ ಬಿಡಿಭಾಗಗಳ ಪಟ್ಟಿ ಅವನ ಕಂಪನಿಗೆ ಬಂದಿದೆಯಂತೆ. ಅದರಲ್ಲಿ ಡ್ರೈವೂ ಇಲ್ಲ, ಅದರ ಲೆನ್ಸೂ ಇಲ್ಲ. ಇನ್ನೇನು ಬೇಕು?"

ಮೇಷ್ಟ್ರು "ಹಾಗಿದ್ರೆ ಸರಿ" ಎಂದು ಫೋನು ಜೇಬಿಗಿಟ್ಟರು. ಪಂಡಿತ ಮೀಸೆ ತಿರುವುವುದೊಂದೇ ಬಾಕಿ. ಪಾರ್ಟ್ಸ್‌ನವನು ತಿಂಗಳ ಮೊದಲ ಸೋಮವಾರ ಚೀಲ ಹೊತ್ತು ಬಂದು, ಫ್ಯಾನು ಲೆನ್ಸು ಕೊಟ್ಟು, ತಲೆ ತಗ್ಗಿಸಿ ಹೋಗುವ ಮಿತಭಾಷಿ. ಪಟ್ಟಿ ಗಿಟ್ಟಿ ಏನನ್ನೂ ಅವನು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುತ್ತಿದ್ದಂತೆ ಅಕ್ಕ ಈಚೆ ಬಂದು ಸ್ಟೂಲಿನ ಮೇಲೆ ಕೂತಳು. ಬೇರೆ ಊರಿನ ವ್ಯಾಪಾರಿಯೊಬ್ಬ ಅವಳ ಡಿಸ್ಕುಗಳನ್ನೆಲ್ಲ ಒಟ್ಟಿಗೆ ಕೊಳ್ಳುತ್ತೇನೆ, ಶನಿವಾರದೊಳಗೆ ಹೇಳಿ ಎಂದಿದ್ದನಂತೆ. ಹೊಸ ಪೆಟ್ಟಿಗೆಗೆ ಡ್ರೈವ್ ಇದ್ದರೆ ಅಂಗಡಿ ಇನ್ನೂ ಎಂಟು ಹತ್ತು ವರ್ಷ ನಡೆಯುತ್ತದೆ. ಇಲ್ಲದಿದ್ದರೆ ಆ ಡಿಸ್ಕುಗಳನ್ನು ಆಮೇಲೆ ಕೇಳುವವರಿಲ್ಲ.

"ನಿನ್ನೆ ನೀನು ಹೇಳಿದ್ದು ಆ ಕಡೆಯಿಂದ ಕೇಳಿಸ್ತು ಕಣೋ. ನಿಜಾನಾ? ಅವನು ಖಂಡಿತವಾಗಿ ಹೇಳಿದ್ನಾ?"

'ಇಲ್ಲಕ್ಕ, ಸುಮ್ಮನೆ ಅಂದೆ' ಎನ್ನಲು ಎಷ್ಟು ಹೊತ್ತು? ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅಕ್ಕನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಸಂಜೆಯೊಳಗೆ ಮೇಷ್ಟ್ರಿಗೆ ಗೊತ್ತಾಗುತ್ತದೆ, ಅವರು ಮುಸಿಮುಸಿ ನಗುತ್ತಾರೆ. ಅಷ್ಟಕ್ಕೆ ಹೆದರಿದ. ಜೊತೆಗೆ, ತನ್ನ ಲೆಕ್ಕಾಚಾರ ಹೇಗೂ ಸರಿ ಇದ್ದೇ ಇರುತ್ತದೆಂಬ ಧಿಮಾಕು ಬೇರೆ.

"ಖಂಡಿತ ಹೇಳ್ದ," ಎಂದ.

"ನೀನು ಹೇಳಿದ ಮೇಲೆ ಇನ್ನೇನು ಬಿಡು," ಎಂದು ಅಕ್ಕ ಎದ್ದು ಹೋದಳು.

ಶನಿವಾರ ವ್ಯಾನು ಬಂತು. ಒಂದೊಂದು ಡಿಸ್ಕನ್ನೂ ಒರೆಸಿಯೇ ಪೆಟ್ಟಿಗೆಗೆ ಹಾಕಿದಳು. ಮಾರಿದ ಮಾಲನ್ನು ಯಾಕಕ್ಕ ಒರೆಸ್ತೀಯ ಎಂದರೆ ಕೇಳಲಿಲ್ಲ. ಪಂಡಿತ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ. ವಾರದೊಳಗೆ ಪ್ಲೈವುಡ್ ಹಲಗೆ ತೆಗೆದರು. ಅವನ ಮೇಜಿಗೆ ಎರಡರಷ್ಟು ಜಾಗವಾಯಿತು. ಅಕ್ಕ ಒಂದು ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ದಿನವಿಡೀ ನಿಂತು, ಸಂಜೆ ಕಾಲು ಬಾತುಕೊಂಡು ಮನೆಗೆ ಬಂದು, "ನಿನ್ನ ಮಾತು ಕೇಳಿ ಬಚಾವಾದೆ" ಎನ್ನುವಳು. ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆಯುವನು.

ಏಳು ತಿಂಗಳ ನಂತರ ಕಂಪನಿಯವರು ಹೊಸ ಕನ್ಸೋಲನ್ನು ಲೋಕಕ್ಕೆ ತೋರಿಸಿದರು. ಅಂದು ಅಕ್ಕನಿಗೆ ವಾರದ ರಜೆ. ಅವಳೂ ಬೆಂಚಿನ ತುದಿಗೆ ಕೂತು ಡ್ರೈವರನ ಫೋನಿಗೆ ಇಣುಕಿದಳು. ವೇದಿಕೆಯ ಮೇಲಿನ ಹೆಂಗಸು ಪೆಟ್ಟಿಗೆಯನ್ನು ತಿರುಗಿಸಿದಳು. ಅಂಚಿನಲ್ಲಿ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಒಂದು ಡಿಸ್ಕು ಸರಕ್ಕನೆ ಒಳಗೆ ಹೋಯಿತು.

ಡ್ರೈವರ್ "ಅರೆ!" ಎಂದವನು ನಾಲಿಗೆ ಕಚ್ಚಿಕೊಂಡ. ಮೇಷ್ಟ್ರು ಗೇಲಿ ಮಾಡಲಿಲ್ಲ, ಪಂಡಿತನ ಮುಖ ಕೂಡ ನೋಡಲಿಲ್ಲ. ಒಂದೆರಡು ಚುಚ್ಚು ಮಾತಾದರೂ ಆಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ.

ಅಕ್ಕ ತಮ್ಮನ ಬೆನ್ನು ಸವರಿದಳು. "ನೀನೇನು ಮಾಡ್ತೀಯ ಪಾಪ. ಆ ಪಾರ್ಟ್ಸ್‌ನವನು ಸುಳ್ಳು ಹೇಳಿ ನಿನ್ನನ್ನೂ ಕೆಡಿಸ್ದ."

ಆಗಲೂ ಬಾಯಿ ಬಿಡಲಿಲ್ಲ, ಮಹರಾಯ! ಆ ಕೈ ಬೆನ್ನ ಮೇಲೆ ಇದ್ದಷ್ಟು ಹೊತ್ತೂ ಕಲ್ಲಿನಂತೆ ಕೂತಿದ್ದ.

ಮುಂದಿನ ತಿಂಗಳ ಮೊದಲ ಸೋಮವಾರ ಅಕ್ಕ ರಜೆ ಹಾಕಿ ಅಂಗಡಿಗೆ ಬಂದು ಕಾದಳು. ಪಾರ್ಟ್ಸ್‌ನವನು ಎಂದಿನಂತೆ ಚೀಲ ಇಳಿಸಿ, ಫ್ಯಾನುಗಳನ್ನು ತೆಗೆದಿಡುತ್ತ, "ಚೆನ್ನಾಗಿದೀರಾ ಅಕ್ಕ?" ಎಂದ.

"ಅಕ್ಕ ಅಂತೆ ಅಕ್ಕ! ನಿನ್ನ ನಾಲಿಗೆ ನಂಬಿ ಅಂಗಡಿ ಮುಚ್ಚಿದೆನಲ್ಲಯ್ಯಾ! ಇಲ್ಲದ ಪಟ್ಟಿ ಬಂದಿದೆ ಅಂತ ನನ್ನ ತಮ್ಮನ ತಲೆಗೆ ತುಂಬಿದೆಯಲ್ಲ, ನಿನಗೇನು ಸಿಕ್ತು?"

"ನಾನಾ? ಯಾವ ಪಟ್ಟಿ?" ಅವನು ಪಂಡಿತನ ಕಡೆ ನೋಡಿದ. ಪಂಡಿತ ಮೇಜಿನ ಮೇಲಿನ ಸ್ಕ್ರೂಗಳನ್ನು ನೋಡಿದ.

"ಗೊತ್ತೇ ಇಲ್ಲದವನ ಹಾಗೆ ಆಡ್ತೀಯಾ? ಇನ್ನು ಈ ಮೆಟ್ಟಿಲು ಹತ್ತಬೇಡ, ಹೋಗು!"

ಆ ಮನುಷ್ಯ ತೆಗೆದಿಟ್ಟಿದ್ದ ಫ್ಯಾನುಗಳನ್ನು ಒಂದೊಂದಾಗಿ ವಾಪಸು ಚೀಲಕ್ಕೆ ಹಾಕತೊಡಗಿದ. ಜಿಪ್ಪು ಎಳೆಯಲು ಹೋದರೆ ಅದು ಸಿಕ್ಕಿಕೊಂಡು ಕೂರಲೇ ಇಲ್ಲ. ಪಂಡಿತನಿಗೆ ಅದನ್ನು ನೋಡಲಾಗಲಿಲ್ಲ.

"ಅಕ್ಕ, ಬೈಬೇಡ. ಅವನು ಏನೂ ಹೇಳಿಲ್ಲ. ನಾನೇ ಕಟ್ಟಿ ಹೇಳಿದ್ದು. ಮೇಷ್ಟ್ರ ಎದುರು ಸೋಲಬಾರದು ಅಂತ."

ಅಕ್ಕ ಅವನನ್ನೇ ನೋಡಿದಳು. "ಮಾರನೇ ದಿನ ನಾನು ಕೇಳಿದಾಗ?"

"ಆಗಲೂ."

ಅವಳು ಪಾರ್ಟ್ಸ್‌ನವನ ಕಡೆ ತಿರುಗಿ ಎರಡೂ ಕೈ ಜೋಡಿಸಿ, "ತಪ್ಪಾಯ್ತಪ್ಪ, ಮನಸ್ಸಿಗೆ ಹಚ್ಕೋಬೇಡ" ಎಂದಳು. ಬಗ್ಗಿ ಆ ಜಿಪ್ಪನ್ನು ತಾನೇ ಎಳೆದುಕೊಟ್ಟಳು. ಕೈ ಮುಗಿಯಬೇಕಾದವನು ಮೇಜಿನ ಹಿಂದೆ ಮರಗಟ್ಟಿ ನಿಂತಿದ್ದ.

ಆಮೇಲೆ ಮನೆಯಲ್ಲಿ ಅಕ್ಕ ಆ ಸುದ್ದಿಯನ್ನು ಎತ್ತಲೇ ಇಲ್ಲ. ಎಂದಿನಂತೆ ಬಡಿಸಿದಳು, ಎಂದಿನಂತೆ ತಮಾಷೆ ಮಾಡಿದಳು. ಹೊಟ್ಟೆಗೆ ಹಾಕಿಕೊಂಡಳು ಎಂದುಕೊಂಡು ಪಂಡಿತ ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ಉಸಿರಾಡಿದ.

ಒಂದು ರಜೆಯ ಸಂಜೆ ಅಕ್ಕ ತನ್ನ ಫೋನು ಹಿಡಿದು ಅಂಗಡಿಗೆ ಬಂದಳು. ಚಾರ್ಜು ನಿಲ್ಲುತ್ತಿಲ್ಲ ಎಂದಳು. ಅವನು ಹಿಂದುಮುಂದು ತಿರುಗಿಸಿ ನೋಡಿ, ಬೆನ್ನು ಉಬ್ಬಿದ್ದನ್ನು ಬೆರಳಲ್ಲಿ ಒತ್ತಿ, "ಬ್ಯಾಟರಿ ಹೋಗಿದೆಯಕ್ಕ, ಬದಲಾಯಿಸಬೇಕು" ಎಂದ.

"ಹೌದಾ," ಎಂದು ಅಕ್ಕ ಫೋನನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡು, ಬೆಂಚಿನ ಕಡೆ ತಿರುಗಿದಳು. "ಮೇಷ್ಟ್ರೇ, ಬ್ಯಾಟರಿ ಹೋಗಿದೆ ಅಂತಾನೆ. ನಿಮಗೇನನ್ಸುತ್ತೆ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕೋಪವೂ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಮೇಷ್ಟ್ರಿಗೆ ಬ್ಯಾಟರಿಯ ತಲೆಬುಡ ಗೊತ್ತಿರಲಿಲ್ಲ. ಅವರು ಪಂಡಿತನನ್ನು ನೋಡಿದರು, ನೆಲ ನೋಡಿದರು, "ಹೌದಮ್ಮ, ಬ್ಯಾಟರಿನೇ" ಎಂದರು. ಅದಾದ ಮೇಲೆಯೇ ಅಕ್ಕ ಫೋನನ್ನು ತಮ್ಮನ ಕೈಗೆ ಕೊಟ್ಟಳು.